ತಾನಾಗಿ ನಿಲ್ಲುವ ಎಂಜಿನ್: ರಿಮೋಟ್ ಕಳೆಯಂತ್ರದ ನನ್ನ ಅನುಭವ

ಅಡಿಕೆ ತೋಟದ ಇಳಿಜಾರಿನಲ್ಲಿ ಹುಲ್ಲು ಕೊಚ್ಚಲೆಂದು ಹಳೆಯ ವೀಡ್ ಕಟರ್‌ನ 52 ಸಿಸಿ ಟೂ-ಸ್ಟ್ರೋಕ್ ಎಂಜಿನ್ನನ್ನು ನಾಲ್ಕು ಚಕ್ರದ ಗಾಡಿಯ ಮೇಲೆ ಕೂರಿಸಿ, ರಿಮೋಟ್‌ನಿಂದ ನಡೆಸುವಂತೆ ಮಾಡಿಕೊಂಡಿದ್ದೆ. ಮೊದಲ ವಾರದಲ್ಲೇ ಸಿಗ್ನಲ್ ತಪ್ಪಿತು. ಗಾಡಿ ಬ್ಲೇಡು ತಿರುಗಿಸುತ್ತಲೇ ಮುಂದೆ ಸಾಗಿ ಬಸಿಗಾಲುವೆಗೆ ಬಿತ್ತು. ಗಾಡಿಯಲ್ಲಿದ್ದ ರಿಸೀವರ್‌ನಲ್ಲಿ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಏನು ಮಾಡಬೇಕೆಂದು ಮೊದಲೇ ಹೊಂದಿಸಿಡುವ ವ್ಯವಸ್ಥೆ, ಇತ್ತು. ಆದರೆ ಅದು ಕೊನೆಯ ಆಜ್ಞೆಯನ್ನೇ ಮುಂದುವರಿಸುವ ಸೆಟ್ಟಿಂಗ್‌ನಲ್ಲಿತ್ತು, ನಾನು ಅದನ್ನು ಪರೀಕ್ಷಿಸಿರಲಿಲ್ಲ.

ಇಂತಹ ಎಂಜಿನ್ನಿಗೆ ಕಿಡಿ ಮ್ಯಾಗ್ನೆಟೊದಿಂದ (ಎಂಜಿನ್ ತಿರುಗುವಾಗ ಆಯಸ್ಕಾಂತದಿಂದ ತಾನೇ ವಿದ್ಯುತ್ ಹುಟ್ಟಿಸುವ ಭಾಗ) ಬರುವುದರಿಂದ ಗಾಡಿಯ ಬ್ಯಾಟರಿ ಕಿತ್ತರೂ ಅದು ನಿಲ್ಲುವುದಿಲ್ಲ. ಕಿಡಿ ತಡೆಯಲು ಇಗ್ನಿಷನ್ ಕಾಯಿಲ್‌ನ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಸುರುಳಿ) ಸ್ಟಾಪ್ ತಂತಿಯನ್ನು ಎಂಜಿನ್ನಿನ ಮೈಗೆ ತಾಗಿಸಬೇಕು. ಎಂದರೆ ಓಡುವುದು ಅದರ ಸಹಜ ಸ್ಥಿತಿ, ನಿಲ್ಲಿಸಲು ನಾವು ಏನಾದರೂ ಮಾಡಬೇಕು. ಇದನ್ನು ತಿರುವುಮುರುವು ಮಾಡುವುದೇ ನನ್ನ ಮುಂದಿದ್ದ ಕೆಲಸ. ಆ ತಂತಿಯನ್ನು ತಾಗಿಸುವ ಸ್ವಿಚ್ಚಾಗಿ ಮೊದಲು ಬಳಸಿದ ಸಣ್ಣ ಟ್ರಾನ್ಸಿಸ್ಟರ್, ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಏಳುವ ನೂರಾರು ವೋಲ್ಟ್‌ಗಳ ಹೊಡೆತಕ್ಕೆ ಸುಟ್ಟುಹೋಯಿತು. ಬಳಿಕ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿ, ಅದರ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್, ಅಂದರೆ ಕರೆಂಟು ಇಲ್ಲದಾಗ ಕೂಡಿಯೇ ಇರುವ ಕಾಂಟ್ಯಾಕ್ಟ್, ಮೂಲಕ ಆ ತಂತಿಯನ್ನು ಎಂಜಿನ್ನಿನ ಮೈಗೆ ಅರ್ತ್ ಮಾಡಿದೆ. ರಿಲೇಗೆ ಕರೆಂಟು ಇರುವಷ್ಟು ಹೊತ್ತು ಮಾತ್ರ ಎಂಜಿನ್ ಓಡುತ್ತದೆ. ಬ್ಯಾಟರಿ ಇಳಿದರೂ, ಫ್ಯೂಸ್ ಹೋದರೂ, ಕನೆಕ್ಟರ್ ಕಳಚಿದರೂ ನಿಲ್ಲುತ್ತದೆ. ರಿಲೇಯ ಇನ್ನೊಂದು ಜೋಡಿ ಕಾಂಟ್ಯಾಕ್ಟು ಚಕ್ರದ ಮೋಟಾರುಗಳಿಗೆ ಹೋಗುವ ಆಜ್ಞೆಯನ್ನು ಕಡಿಯುತ್ತದೆ.

ರಿಲೇಗೆ ಅಪ್ಪಣೆ ಕೊಡುವುದು ಎಟಿಟೈನಿ85 ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಚಿಪ್. ರಿಸೀವರ್‌ನ ಪ್ರತ್ಯೇಕ ಚಾನೆಲ್‌ನಿಂದ 20 ಮಿಲಿಸೆಕೆಂಡಿಗೊಮ್ಮೆ ಬರುವ ಪಲ್ಸ್ (ವಿದ್ಯುತ್ ಮಿಡಿತ) 1.7ರಿಂದ 2.1 ಮಿಲಿಸೆಕೆಂಡಿನಷ್ಟು ಅಗಲವಿದ್ದರೆ ಮಾತ್ರ ಅದನ್ನು ಅಪ್ಪಣೆಯೆಂದು ಎಣಿಸಿ, ಸತತ ಹತ್ತು ಪಲ್ಸ್ ತಪ್ಪಿದರೆ ರಿಲೇ ಬಿಡುವಂತೆ, ಅಂದರೆ ಅದರ ಕರೆಂಟು ಕಡಿದು ಎಂಜಿನ್ ನಿಲ್ಲುವಂತೆ, ಬರೆದೆ. ರಿಸೀವರ್‌ನ ಫೇಲ್‌ಸೇಫನ್ನೂ ಸಿಗ್ನಲ್ ತಪ್ಪಿದಾಗ ಆ ಚಾನೆಲ್‌ನ ಪಲ್ಸ್ 1.0 ಮಿಲಿಸೆಕೆಂಡಿಗೆ ಇಳಿಯುವಂತೆ ಬದಲಿಸಿದೆ. ಆದರೆ ಚಿಪ್ಪೇ ಹ್ಯಾಂಗ್ ಆಗಿ ರಿಲೇಗೆ ಅಪ್ಪಣೆ ಕೊಡುವ ಅದರ ಪಿನ್ ಹೈ (ವೋಲ್ಟೇಜ್ ಇರುವ) ಸ್ಥಿತಿಯಲ್ಲಿ ಸಿಕ್ಕಿಕೊಂಡರೇನು ಗತಿ ಎಂಬ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು. ಅದಕ್ಕಾಗಿ ಪಿನ್ ಒಂದೇ ಸಮನೆ ಮೇಲೆ ಕೆಳಗೆ ಮಿಡಿಯುತ್ತಿರುವಂತೆ ಮಾಡಿ, ಆ ಮಿಡಿತವನ್ನು ಕೆಪ್ಯಾಸಿಟರ್ ಹಾಗೂ ಎರಡು ಡಯೋಡುಗಳ ಮೂಲಕ ಹಾಯಿಸಿ ರಿಲೇಗೆ ಕರೆಂಟು ಬಿಡುವ ಮಾಸ್‌ಫೆಟ್‌ನ (ಒಂದು ಬಗೆಯ ಟ್ರಾನ್ಸಿಸ್ಟರ್) ಗೇಟಿಗೆ ಕೊಟ್ಟೆ. ಕೆಪ್ಯಾಸಿಟರು ಸ್ಥಿರ ವೋಲ್ಟೇಜನ್ನು ದಾಟಿಸದ ಕಾರಣ ಪಿನ್ ಹೈನಲ್ಲೇ ಸಿಕ್ಕಿಕೊಳ್ಳಲಿ, ಲೋನಲ್ಲೇ ಸಿಕ್ಕಿಕೊಳ್ಳಲಿ, ರಿಲೇ ಬಿಡುತ್ತದೆ.

ಸ್ಪಾರ್ಕ್ ಪ್ಲಗ್ಗಿನ ವಿದ್ಯುತ್ ಗದ್ದಲಕ್ಕೆ ಚಿಪ್ ಆಗಾಗ ರೀಸೆಟ್ ಆಗುತ್ತಿತ್ತು. ರೆಸಿಸ್ಟರ್ ಇರುವ ಪ್ಲಗ್ ಹಾಕಿ, ಸಿಗ್ನಲ್ ತಂತಿಗಳನ್ನು ಹೆಣೆದು ಕಾಯಿಲ್‌ನಿಂದ ದೂರ ಸರಿಸಿದ ಮೇಲೆ ಸರಿಹೋಯಿತು. ಎಂಜಿನ್ ನಿಂತರೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಈ ವ್ಯವಸ್ಥೆಯಲ್ಲಿ ಅದಕ್ಕೆ ಉಪಾಯವಿಲ್ಲ.

ಒಂದು ದೋಷ ಮಾತ್ರ ಉಳಿಯಿತು: ಆ ಸ್ಟಾಪ್ ತಂತಿಯೇ ತುಂಡಾದರೆ ರಿಲೇ ಬಿಟ್ಟರೂ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿದಿನ ಕೆಲಸಕ್ಕೆ ಮೊದಲು ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಎಂಜಿನ್ ಐಡಲ್‌ನಲ್ಲಿರುವಾಗ ರಿಮೋಟ್ ಆಫ್ ಮಾಡಿ ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅದು ನಿಲ್ಲಲಿಲ್ಲ. ಚೋಕ್ ಹಾಕಿ ನಿಲ್ಲಿಸಿ ನೋಡಿದರೆ, ಕಂಪನಕ್ಕೆ ತಂತಿ ಕಾಯಿಲ್‌ನ ಬುಡದಲ್ಲೇ ಕಡಿದಿತ್ತು. ಈಗ ಅಲ್ಲಿಂದ ರಿಲೇಯವರೆಗೆ ಎರಡು ಬೇರೆ ಬೇರೆ ದಾರಿಯಲ್ಲಿ ಎರಡು ತಂತಿ ಎಳೆದಿದ್ದೇನೆ.