ಕೊಡಗಿನ ಮನೆಯಲ್ಲಿ ಕವಿತೆ ಓದುವ ಸಂಜೆ

ಕವಿತೆ ಓದಲು ಕೂರುವುದಕ್ಕೆ ಕೊಡಗಿನಲ್ಲಿ ಒಳ್ಳೆಯ ಕಾಲ ಸೆಪ್ಟೆಂಬರ್‌ನ ಆಯುಧ ಹಬ್ಬ ಕೈಲ್‌ಪೋದ್ ಕಳೆದ ಮೇಲೆ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿವರೆಗೆ. ನಾಟಿ ಮುಗಿದಿರುತ್ತದೆ, ಕಾಫಿ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಜೂನ್, ಜುಲೈನಲ್ಲೇ ಕೂರುವುದಾದರೆ ಮೊದಲ ತೊಂದರೆ ಸೂರಿನದು. ಶೀಟ್ ಹೊದಿಸಿದ ಮನೆಯಲ್ಲಿ ಜೋರು ಮಳೆಗೆ ಪಕ್ಕದವರ ಮಾತೇ ಕೇಳದು. ಹಂಚಿನ ಮನೆ ಸ್ವಲ್ಪ ವಾಸಿ. ದನಿ ಏರಿಸಿ ಮಳೆಯನ್ನು ಗೆಲ್ಲಲು ಹೋಗಬೇಡಿ. ಕೂಗಿದರೆ ಏರಿಳಿತ ಹೋಗಿ ಎಲ್ಲ ಸಾಲೂ ಒಂದೇ ಸಮನಾಗುತ್ತದೆ, ಗಂಟಲೂ ಕಟ್ಟುತ್ತದೆ. ಜಗಲಿ ಬಿಟ್ಟು ಒಳಕೋಣೆಗೆ ಬನ್ನಿ, ಕುರ್ಚಿಗಳನ್ನು ಐದಾರು ಅಡಿಯೊಳಗೆ ಎಳೆದುಕೊಳ್ಳಿ. ಓದುವವರು ಗೋಡೆಗೆ ಬೆನ್ನು ಕೊಟ್ಟು ಕೂರಲಿ. ಮಳೆ ತೀರಾ ಹೆಚ್ಚಾದರೆ ನಿಲ್ಲಿಸಿ ಬೆಲ್ಲದ ಕಾಫಿ ಕುಡಿಯುವುದೇ ಸರಿ.

ಎಂಟು ಜನ, ತಲಾ ಒಂದು ಕವಿತೆ, ಒಂದೂವರೆ ಗಂಟೆ. ಇದಕ್ಕಿಂತ ಹೆಚ್ಚಿದರೆ ಕೊನೆಯ ಮೂರು ಕವಿತೆ ಯಾರ ಕಿವಿಗೂ ಬೀಳುವುದಿಲ್ಲ. 12ರಿಂದ 24 ಸಾಲಿನದು ಹಿತ. ಮಕ್ಕಳಿಗೆ ಮೊದಲ ಸರದಿ ಕೊಡಿ, ಕೊನೆಗಿಟ್ಟರೆ ತೂಕಡಿಸುತ್ತಾರೆ.

ಕವಿತೆಯನ್ನು ಮೊಬೈಲ್‌ನಿಂದ ಓದಬೇಡಿ. ಸಣ್ಣ ಪರದೆಯಲ್ಲಿ ಉದ್ದ ಸಾಲು ಮುರಿದು ಎರಡಾಗುತ್ತದೆ. ಓದುವವರು ಕವಿ ನಿಲ್ಲಿಸಿದಲ್ಲಿ ನಿಲ್ಲದೆ ಪರದೆ ಮುರಿದಲ್ಲಿ ನಿಲ್ಲುತ್ತಾರೆ. ಎರಡು ಸಾಲಿನ ನಡುವೆ ಒಂದು ಗೆರೆ ಖಾಲಿ ಬಿಟ್ಟು ಕಾಗದಕ್ಕೆ ದಪ್ಪಕ್ಷರದಲ್ಲಿ ಇಳಿಸಿಕೊಳ್ಳಿ. ಕರೆಂಟ್ ಹೋದಾಗ ಎಮರ್ಜೆನ್ಸಿ ದೀಪ ಓದುವವರ ಹೆಗಲ ಹಿಂದೆ ಇರಲಿ. ಎದುರಿಗಿಟ್ಟರೆ ಕಣ್ಣು ಕೋರೈಸುತ್ತದೆ.

ಇನ್ನು ಓದು. ಪೆನ್ಸಿಲ್ ಹಿಡಿದು ಮೊದಲು ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಎಣಿಸಿ: ಲಘುವಿಗೆ (ಹ್ರಸ್ವಾಕ್ಷರ) ಒಂದು, ಗುರುವಿಗೆ (ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಮುಂತಾದವು) ಎರಡು. ಮಡಿಕೇರಿಯಲ್ಲಿ ಮೇಷ್ಟರಾಗಿದ್ದ ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’ ತೆಗೆದುಕೊಳ್ಳಿ. ‘ಎಲ್ಲಿ | ಭೂರಮೆ | ದೇವ | ಸನ್ನಿಧಿ’ ಅಂದರೆ 3, 4, 3, 4. ಆರು ಸಾಲಿನ ಭಾಮಿನಿ ಷಟ್ಪದಿಯ ನಡೆಯೂ ಇದೇ: ಅದರ 1, 2, 4, 5ನೇ ಸಾಲಿನಲ್ಲಿ 14 ಮಾತ್ರೆ, 3 ಮತ್ತು 6ನೇ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಮೇಲೊಂದು ಗುರು. ಎಣಿಸಿದ ಮೇಲೆ ಬೆರಳು ಮಡಚಿ ಎರಡು ಸಲ ಹೇಳಿಕೊಂಡರೆ ನಡೆ ನಾಲಿಗೆಗೆ ಹತ್ತುತ್ತದೆ. ಆಮೇಲೆ ಎಣಿಕೆ ಮರೆತುಬಿಡಿ. ಗಣ (ಹೀಗೆ ಎಣಿಸಿದ ಮಾತ್ರೆಗಳ ಗುಂಪು) ಮುಗಿದಲ್ಲೆಲ್ಲ ನಿಂತರೆ, ಗಣದ ಗಡಿ ಪದದ ನಡುವೆ ಬಿದ್ದ ಕಡೆ ಪದವೇ ತುಂಡಾಗುತ್ತದೆ. ನಿಲ್ಲಬೇಕಾದದ್ದು ಅರ್ಥ ಮುಗಿದಲ್ಲಿ. ಅಲ್ಲಿಗೆ ಓರೆಗೆರೆ ಹಾಕಿ. ಹುತ್ತರಿ ಹಾಡಿನಲ್ಲಿ ಇನ್ನೊಂದು ಅಪಾಯ: ಕೇಳಿ ಕೇಳಿ ಅಭ್ಯಾಸವಾಗಿರುವ ಧಾಟಿ ತಾನೇ ಬಾಯಿಗೆ ಬರುತ್ತದೆ. ಹಾಡುವುದಾದರೆ ಪೂರ್ತಿ ಹಾಡಿ, ಅರ್ಧ ರಾಗ ಅರ್ಧ ಮಾತು ಬೇಡ.

ಹೆಚ್ಚಿನವರು ಕೆಡುವುದು ಸಾಲಿನ ಕೊನೆಯಲ್ಲಿ. ಉಸಿರು ಮುಗಿಯುತ್ತ ದನಿ ಇಳಿದು ಕೊನೆಯ ಅಕ್ಷರ ನುಂಗಿಹೋಗುತ್ತದೆ. ಕನ್ನಡದಲ್ಲಿ ಇದು ಸಣ್ಣ ತಪ್ಪಲ್ಲ. ‘ಬರುವಳು’, ‘ಬರುವಳೋ’, ‘ಬರುವಳೇ’ ಬೇರೆಯಾಗುವುದೇ ತುದಿಯಲ್ಲಿ. ‘ಇಲ್ಲ’ ಬರುವುದೂ ಸಾಮಾನ್ಯವಾಗಿ ತುದಿಗೇ. ಓರೆಗೆರೆ ಹಾಕಿದಲ್ಲಿ ಉಸಿರು ತೆಗೆದುಕೊಂಡು, ಕೊನೆಯ ಪದಕ್ಕೆ ಸ್ವಲ್ಪ ಉಳಿಸಿಕೊಳ್ಳಿ. ಹಳೆಯ ಕಾವ್ಯದಲ್ಲಿ ಸಾಲಿನ ಮೊದಲ ಪದವೂ ಸ್ಪಷ್ಟವಿರಬೇಕು, ಏಕೆಂದರೆ ಪ್ರಾಸ ಕೂರುವುದು ಎರಡನೆಯ ಅಕ್ಷರದಲ್ಲಿ. ಹೊಸ ಕವಿತೆಯಲ್ಲಿ ವಾಕ್ಯ ಮುಂದಿನ ಸಾಲಿಗೆ ಹರಿದಿದ್ದರೆ ಸಾಲಿನ ತುದಿಯಲ್ಲಿ ದನಿ ಇಳಿಸದೆ ಕ್ಷಣ ತಡೆದು ಮುಂದೆ ಹೋಗಿ.

ಕೊಡವ ತಕ್ಕ್ (ಕೊಡವರ ಭಾಷೆ) ಕವಿತೆಯನ್ನು ಆ ಮಾತು ಆಡುವವರೇ ಓದಲಿ. ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಅದರ ಕೆಲವು ಸ್ವರಗಳಿಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಕಂಡಂತೆ ಓದಿದರೆ ಪದ ಬೇರೆಯಾಗುತ್ತದೆ. ಕೊಡಗಿನ ಗೌಡರ ಮಾತಾದ ಅರೆಭಾಷೆಯದ್ದನ್ನೂ ‘ಶುದ್ಧ’ ಮಾಡಿ ಓದಬೇಡಿ. ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟನ್ನಂತೂ ಕಾಗದ ಹಿಡಿದು ಓದುವುದೇ ಬೇಡ, ದುಡಿ ಎಂಬ ಪುಟ್ಟ ಚರ್ಮವಾದ್ಯವಿಲ್ಲದೆ ಅದು ಸಪ್ಪೆ.

ಪ್ರತಿ ಕವಿತೆಯನ್ನೂ ಎರಡು ಸಲ ಓದಿ. ಮೊದಲ ಸಲ ಕಿವಿ ಪದಗಳನ್ನು ಹಿಡಿಯುವಷ್ಟರಲ್ಲಿ ಕವಿತೆ ಮುಗಿದಿರುತ್ತದೆ, ಮನೆಮಾತು ಬೇರೆಯಿರುವವರಿಗೆ ಇನ್ನೂ ಬೇಗ. ನಡುವೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಆ ಮೌನಕ್ಕೆ ಹೆದರಿ ಯಾರಾದರೂ ‘ತುಂಬಾ ಚೆನ್ನಾಗಿದೆ’ ಅಂದುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಭಾವಾರ್ಥ ಕೇಳಿದರೆ ಪರೀಕ್ಷೆಯಂತಾಗುತ್ತದೆ. ‘ಯಾವ ಸಾಲು ಕಿವಿಯಲ್ಲಿ ಉಳಿಯಿತು?’ ಎಂದಷ್ಟೇ ಕೇಳಿ. ಉತ್ತರಿಸಿದವರು ಆ ಸಾಲನ್ನು ತಾವೇ ಹೇಳಲಿ, ತಪ್ಪಿದರೂ ಪರವಾಗಿಲ್ಲ. ಅಜ್ಜಂದಿರು ಬಾಯಿಪಾಠ ಹೇಳುವಾಗ ಪದ ಬದಲಾದರೆ ನಡುವೆ ತಿದ್ದಬೇಡಿ, ಮುಗಿದ ಮೇಲೆ ಪುಸ್ತಕ ನೋಡಿದರಾಯಿತು.

ತಡವಾಗಿ ಬಂದವರು ಎರಡನೆಯ ಓದು ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಲಿ. ಕೊಡೆ ಆಮೇಲೆ ಕೊಡವಬಹುದು.