ತೂರಾಡುವ ಕರುವನ್ನು ನಾನು ನೋಡುವ ಬಗೆ

ಚಳ್ಳಕೆರೆ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ದನ ಕುರಿಗಳಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಪ್ರಾಣಿ ತೂರಾಡಿದರೆ ಜನ ಮೊದಲು ಹೇಳುವುದು ಒಂದೇ ಮಾತು: "ಕಾಲಾಗೆ ಶಕ್ತಿ ಇಲ್ಲ ಸಾರ್, ಒಂದು ಕ್ಯಾಲ್ಸಿಯಂ ಹಾಕ್ಬಿಡಿ." ನಾನು ಸಿರಿಂಜ್ ತೆಗೆಯುವ ಮೊದಲು ಸ್ವಲ್ಪ ದೂರ ನಿಂತು ಸುಮ್ನೆ ನೋಡುತ್ತೇನೆ. ತೊಂದರೆ ಕಿರುಮೆದುಳಿನದ್ದಾದರೆ ಮುಟ್ಟುವ ಮೊದಲೇ ಅರ್ಧ ಗೊತ್ತಾಗಿಬಿಡುತ್ತದೆ.

ಕಿರುಮೆದುಳು ಇರುವುದು ತಲೆಬುರುಡೆಯ ಹಿಂಭಾಗದಲ್ಲಿ. ಕಾಲಿಗೆ ಬಲ ಕೊಡುವುದು ಅದರ ಕೆಲಸವಲ್ಲ. ಕಾಲನ್ನು ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಅಳತೆ ಅದರದ್ದು. ಅದು ಕೆಟ್ಟರೆ ಬಲ ಹಾಗೇ ಇರುತ್ತದೆ, ಅಳತೆ ತಪ್ಪುತ್ತದೆ.

ಹಿರಿಯೂರು ಹತ್ತಿರ ಒಂದು ಕೊಟ್ಟಿಗೆಯಲ್ಲಿ ನೋಡಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಕರು ಇದನ್ನು ಚೆನ್ನಾಗಿ ತೋರಿಸಿತು. ಹುಟ್ಟಿದಾಗಿನಿಂದ ಹಾಗೇ ಇತ್ತಂತೆ. ನಾಲ್ಕೂ ಕಾಲು ಅಗಲಿಸಿ ನಿಂತಿತ್ತು. ನಡೆದರೆ ಮುಂಗಾಲು ಬೇಕಿದ್ದಕ್ಕಿಂತ ಜಾಸ್ತಿ ಮೇಲೆದ್ದು ಧೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಮಲಗಿದ್ದಾಗ ಮೈ ನಡುಗುತ್ತಿರಲಿಲ್ಲ. ತಾಯಿ ಕೆಚ್ಚಲಿನ ಕಡೆ ಮೂತಿ ಚಾಚಿದ ಕೂಡಲೇ ತಲೆ ಅಲುಗಲು ಶುರು. ಹತ್ತಿರ ಹೋದಷ್ಟೂ ಅಲುಗಾಟ ಜಾಸ್ತಿ. ಮೂತಿ ಮೊಲೆತೊಟ್ಟನ್ನು ದಾಟಿ ಹೋಗಿ ತೊಡೆಗೆ ಬಡಿಯುತ್ತಿತ್ತು. ನಾನು ತಲೆ ಹಿಡಿದು ತೊಟ್ಟು ಬಾಯಿಗಿಟ್ಟೆ. ಗಟ್ಟಿಯಾಗಿ ಚೀಪಿ ಕುಡಿಯಿತು. ಮನೆಯ ಅಜ್ಜಿ "ಅಯ್ಯೋ, ಇಷ್ಟು ಜೋರಾಗಿ ಕುಡೀತದಾ!" ಅಂದರು.

ಆಮೇಲೆ ಸೊಂಟವನ್ನು ಪಕ್ಕಕ್ಕೆ ತಳ್ಳಿ ನೋಡಿದೆ. ತಿರುಗಿ ನನ್ನನ್ನೇ ತಳ್ಳಿತು. ಗೊರಸನ್ನು ಮಡಚಿ ನೆಲಕ್ಕಿಟ್ಟರೆ ತಟ್ಟನೆ ಸರಿಮಾಡಿಕೊಂಡಿತು. ಅಂದರೆ ಬೆನ್ನುಹುರಿ, ಕಾಲಿನ ನರ ಎರಡೂ ಚೆನ್ನಾಗಿವೆ. ಕಿರುಮೆದುಳು ಕೆಟ್ಟ ಪ್ರಾಣಿಗೆ ಕಣ್ಣು ಕಂಡರೂ, ಕಣ್ಣಿನ ಮುಂದೆ ಕೈ ಬೀಸಿದರೆ ರೆಪ್ಪೆ ಬಡಿಯದೆ ಇರಬಹುದು. ಆದರೆ ಎಳೇ ಕರುವಿನಲ್ಲಿ ಈ ಪರೀಕ್ಷೆ ನಂಬುವಂಥದ್ದಲ್ಲ, ಮೊದಲ ದಿನಗಳಲ್ಲಿ ಆರೋಗ್ಯವಾಗಿರುವ ಕರುವೂ ರೆಪ್ಪೆ ಬಡಿಯುವುದಿಲ್ಲ.

ಹುಟ್ಟಿನಿಂದಲೇ ಹೀಗಿದ್ದರೆ ನಾನು ಮೊದಲು ಯೋಚಿಸುವುದು ಬಿವಿಡಿ, ಅಂದರೆ ದನಗಳಿಗೆ ಭೇದಿ ತರುವ ಒಂದು ವೈರಸ್. ಹಸುವಿಗೆ ಗಬ್ಬದ ಸುಮಾರು 100ರಿಂದ 170 ದಿನದೊಳಗೆ ಈ ಸೋಂಕು ತಗುಲಿದರೆ ಕರುವಿನ ಕಿರುಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಕೆಲವಕ್ಕೆ ಕಣ್ಣಿನ ಪೊರೆಯೂ ಇರುತ್ತದೆ. ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಕರುವನ್ನು ಗಬ್ಬದ ಹಸುಗಳಿಂದ ದೂರ ಕಟ್ಟಿಸುತ್ತೇನೆ. ಬೆಳೆಯದೆ ಉಳಿದಿದ್ದನ್ನು ಬೆಳೆಸುವ ಔಷಧಿ ಇಲ್ಲ. ಆದರೆ ಈ ತೊಂದರೆ ದಿನದಿನಕ್ಕೆ ಜಾಸ್ತಿಯಾಗುವುದೂ ಇಲ್ಲ. ಹುಟ್ಟಿದಾಗ ಚೆನ್ನಾಗಿದ್ದು, ಆಮೇಲೆ ವಾರದಿಂದ ವಾರಕ್ಕೆ ಹದಗೆಡುತ್ತಾ ಹೋದರೆ ಅದು ಬೇರೆಯೇ ಕಾಯಿಲೆ. ಅದಕ್ಕೇ "ಯಾವಾಗಿಂದ ಹೀಗೆ?" ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಈ ಕರುವಿಗೆ ಒಣಹುಲ್ಲಿನ ದಪ್ಪ ಹಾಸು ಹಾಕಿಸಿ, ಹೊತ್ತು ಹೊತ್ತಿಗೆ ಬಾಟಲಿಯಲ್ಲಿ ಹಾಲು ಕೊಡಿಸಿದೆ.

ಬಾಯಿಗೆ ಕೈ ಹಾಕುವ ಮೊದಲು ಇನ್ನೊಂದು ಮಾತು ಕೇಳುತ್ತೇನೆ. ನಾಯಿ ಕಚ್ಚಿತ್ತಾ? ಜೊಲ್ಲು ಸುರಿಯುತ್ತಿದೆಯಾ? ದನಿ ಬದಲಾಗಿದೆಯಾ? ಹುಚ್ಚುನಾಯಿ ರೋಗವೂ ತೂರಾಟದಿಂದಲೇ ಶುರುವಾಗಬಹುದು. ಅನುಮಾನ ಇದ್ದರೆ ಗ್ಲೌಸ್ ಇಲ್ಲದೆ ಮುಟ್ಟುವುದೇ ಇಲ್ಲ. ಮನೆಯವರಿಗೂ ಮುಟ್ಟಬೇಡಿ ಅನ್ನುತ್ತೇನೆ.

ದಾವಣಗೆರೆ ಪೇಟೆಯಿಂದ ಬರುವ ಫೋನು ಹೆಚ್ಚಾಗಿ ಬೆಕ್ಕಿನ ಮರಿಗಳದ್ದು. ನಡೆಯಲು ಶುರು ಮಾಡಿದಾಗ ತೂರಾಟ ಕಾಣುತ್ತದೆ. ತಾಯಿಬೆಕ್ಕು ಗಬ್ಬವಿದ್ದಾಗ, ಬೆಕ್ಕುಗಳಿಗೆ ವಾಂತಿ ಭೇದಿ ತರುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ತಗುಲಿದ್ದು ಸಾಮಾನ್ಯ ಕಾರಣ. ಇಂಥ ಮರಿಗೆ ನೋವಿಲ್ಲ, ಸಾಕುವವರಿದ್ದರೆ ಪೂರ್ತಿ ಆಯಸ್ಸು ಬದುಕುತ್ತದೆ. ಜಾರುವ ಟೈಲ್ಸ್ ಮೇಲೆ ಚಾಪೆ ಹಾಸಿ, ಭಾರದ ಅಗಲ ಬಟ್ಟಲಲ್ಲಿ ಊಟ ಇಡಿ. ನಾಯಿ ತೂರಾಡಿದರೆ ಯಾವ ಮಾತ್ರೆ ಕೊಟ್ಟಿರಿ ಅಂತ ಕೇಳುತ್ತೇನೆ. ಭೇದಿಗೆಂದು ಮೆಟ್ರೋನಿಡಜೋಲ್ ಜಾಸ್ತಿ ಬಿದ್ದರೂ ಹೀಗಾಗುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನನಗೆ ಹೆಚ್ಚು ಸಂಕಟ ಕೊಡುವುದು ಕುರಿ. ಚಳ್ಳಕೆರೆ ಕಡೆ ಕುರಿಯೇ ಎಷ್ಟೋ ಮನೆಗಳ ಬದುಕು. ಒಂದು ಕುರಿ ಮಂದೆ ಬಿಟ್ಟು ಸುತ್ತು ಹೊಡೆಯುತ್ತದೆ, ತಲೆ ವಾಲಿಸುತ್ತದೆ, ಒಂದು ಕಣ್ಣು ಕಾಣದಂತಾಗುತ್ತದೆ. ಮೆದುಳಲ್ಲಿ ನೀರುಗುಳ್ಳೆ ಬೆಳೆದಿರುತ್ತದೆ. ಗುಳ್ಳೆ ಮುಂಭಾಗದಲ್ಲಿದ್ದರೆ ಸುತ್ತಾಟ ಹೆಚ್ಚು, ಕಿರುಮೆದುಳಿನಲ್ಲಿದ್ದರೆ ತೂರಾಟ ಹೆಚ್ಚು. ನಾನು ಹೆಬ್ಬೆರಳಿನಿಂದ ತಲೆಬುರುಡೆ ಒತ್ತಿ ನೋಡುತ್ತೇನೆ. ಗುಳ್ಳೆ ಮೇಲ್ಗಡೆ ಇದ್ದರೆ ಕೆಲವೊಮ್ಮೆ ಅಲ್ಲಿ ಮೂಳೆ ತೆಳುವಾಗಿ ಮೆತ್ತಗೆ ಸಿಗುತ್ತದೆ. ಹಾಗಿದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ಕಿರುಮೆದುಳಿನೊಳಗಿನದು ಕೈಗೆ ಸಿಗುವುದು ಬಹಳ ಕಷ್ಟ.

ಈ ಗುಳ್ಳೆ ಬರುವುದು ನಾಯಿಯ ಲಾಡಿಹುಳದಿಂದ. ಸತ್ತ ಕುರಿಯ ತಲೆಯನ್ನು ಕಾವಲು ನಾಯಿಗೆ ಎಸೆಯುತ್ತಾರೆ. ನಾಯಿಯ ಹೊಟ್ಟೆಯಲ್ಲಿ ಗುಳ್ಳೆಯಿಂದ ಹುಳ ಬೆಳೆಯುತ್ತದೆ. ಮೊಟ್ಟೆ ಮಲದ ಜೊತೆ ಹುಲ್ಲಿಗೆ ಬೀಳುತ್ತದೆ, ಕುರಿ ಆ ಹುಲ್ಲು ಮೇಯುತ್ತದೆ. ಒಬ್ಬ ಯಜಮಾನ್ರು "ನಾಯಿಗೂ ಕುರಿ ತಲೆಗೂ ಏನ್ ಸಂಬಂಧ ಸಾರ್?" ಅಂತ ನಂಬಲೇ ಇಲ್ಲ. ಸತ್ತ ಕುರಿಯ ತಲೆ ಒಡೆದು, ನೀರು ತುಂಬಿದ ತೆಳು ಚೀಲವನ್ನೂ ಅದರ ಒಳಗೋಡೆಗೆ ಅಂಟಿದ್ದ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆಗಳನ್ನೂ ತೋರಿಸಿದೆ. ಆ ಒಂದೊಂದು ಚುಕ್ಕೆಯೂ ನಾಯಿಯ ಹೊಟ್ಟೆಯಲ್ಲಿ ಒಂದು ಹುಳವಾಗಬಲ್ಲದು ಅಂದೆ. ಅವರು ತಲೆಯನ್ನು ಆಳವಾಗಿ ಹೂಳಿಸಿ, ನಾಯಿಗಳನ್ನು ಕರೆತಂದರು. ಕಿಲೋ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ ಲಾಡಿಹುಳ ಕೊಲ್ಲುವ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಟ್ಟು, ಎರಡು ಮೂರು ದಿನ ಕಟ್ಟಿಹಾಕಿ ಮಲವನ್ನು ಸುಡಲು ಹೇಳಿದೆ. ಈಗ ಅವರ ಹಟ್ಟಿಯಲ್ಲಿ ಕುರಿಗೆ ಜಂತಿನ ಔಷಧಿ ಹಾಕಿಸುವ ದಿನವೇ ನಾಯಿಗಳಿಗೂ ಮಾತ್ರೆ ಕೊಡಿಸುತ್ತಾರೆ.