ಫೋನ್ ಬರದ ದಿನಕ್ಕೂ ಒಂದು ಒಪ್ಪಂದ

ಸೇನೆಯಲ್ಲಿರುವ ನನ್ನ ಗಂಡ ಮೊದಲ ಸಲ ಡಿಪ್ಲಾಯ್‌ಮೆಂಟ್ ಮೇಲೆ, ಅಂದ್ರೆ ಮನೆಯಿಂದ ದೂರ ತಿಂಗಳುಗಟ್ಟಲೆ ಡ್ಯೂಟಿಗೆ ಹೋದಾಗ ನಾವು ಮಾಡಿದ ದೊಡ್ಡ ತಪ್ಪು ಅಂದ್ರೆ, ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ ಅಂತ ಇವರು ಮಾತು ಕೊಟ್ಟಿದ್ದು, ನಾನು ಅದನ್ನು ನಂಬಿದ್ದು. ನಾಲ್ಕು ದಿನ ಬಂತು. ಐದನೇ ದಿನ ಇಲ್ಲ. ಆರು, ಏಳು, ಅದೂ ಇಲ್ಲ. ಒಂಬತ್ತರಿಂದ ಹನ್ನೆರಡರ ತನಕ ಫೋನ್ ಹಿಡಿದುಕೊಂಡು ಕೂತಿರುತ್ತಿದ್ದೆ, ಸ್ನಾನಕ್ಕೆ ಹೋಗುವಾಗಲೂ ಬಾಗಿಲ ಹತ್ತಿರವೇ ಇಟ್ಟುಕೊಳ್ಳುತ್ತಿದ್ದೆ. ಎಂಟನೇ ದಿನ ಫೋನ್ ಬಂದಾಗ ಹೇಗಿದ್ದೀರಿ ಅಂತ ಕೇಳೋದು ಬಿಟ್ಟು ಜಗಳ ತೆಗೆದೆ. ಸಿಕ್ಕಿದ್ದು ಆರು ನಿಮಿಷ. ಆರೂ ಜಗಳಕ್ಕೇ ಹೋಯಿತು.

ಆ ಮೂರು ದಿನ ಲೈನ್ ಯಾಕೆ ಇರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಇವರು ವಾಪಸ್ ಬಂದ ಮೇಲೆ. ಯೂನಿಟ್‌ನಲ್ಲಿ ಯಾರಾದರೂ ತೀರಿಕೊಂಡರೆ ಅಥವಾ ತುಂಬಾ ಗಾಯವಾದರೆ, ಅವರ ಮನೆಯವರಿಗೆ ಸುದ್ದಿ ಮುಟ್ಟುವ ತನಕ ಉಳಿದವರ ಫೋನು, ಇಂಟರ್ನೆಟ್ಟು ಎಲ್ಲಾ ಬಂದ್ ಮಾಡುವ ಪದ್ಧತಿ ಹಲವು ಸೇನೆಗಳಲ್ಲಿದೆ. ಆ ಸುದ್ದಿ ಮೊದಲು ವಾಟ್ಸಾಪ್‌ನಲ್ಲಿ ತಿಳಿಯಬಾರದು ಅಂತ. ನಾನು ಇಲ್ಲಿ ಸಿಟ್ಟು ಮಾಡಿಕೊಂಡು ಕೂತಿದ್ದಾಗ ಇನ್ಯಾರದೋ ಮನೆ ಬಾಗಿಲು ತಟ್ಟಲು ಜನ ಹೊರಟಿದ್ದರು. ಅದನ್ನು ಕೇಳಿದ ಮೇಲೆ ಒಂದಷ್ಟು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಾಗಿ ಎರಡನೇ ಸಲ ಹೊರಡುವ ಮುಂಚೆ ಒಂದು ಸಂಜೆ ಇಬ್ಬರೂ ಕೂತು, ಫೋನ್ ಬಂದಾಗ ಏನು ಮಾತಾಡೋಣ ಅನ್ನೋದಕ್ಕಿಂತ ಬರದೇ ಇದ್ದಾಗ ಏನಂತ ತಿಳಿದುಕೊಳ್ಳೋಣ ಅನ್ನೋದನ್ನೇ ಮಾತಾಡಿದೆವು. ಟೈಮ್ ಹೇಳೋದೇ ಬೇಡ, ಸಿಕ್ಕಾಗ ಮಾಡ್ತೀನಿ ಅಷ್ಟೇ. ಬರಲಿಲ್ಲ ಅಂದ್ರೆ ಲೈನ್ ಇಲ್ಲ ಅಂತ ಅರ್ಥ, ಬೇರೆ ಅರ್ಥ ಹುಡುಕೋ ಹಾಗಿಲ್ಲ. ಕೆಟ್ಟ ಸುದ್ದಿ ಇದ್ದರೆ ಅದು ಯೂನಿಟ್ ಕಡೆಯಿಂದ, ಮನೆಯವರ ವಿವರ ಅಂತ ಇವರು ತುಂಬಿಕೊಟ್ಟ ಫಾರ್ಮ್‌ನಲ್ಲಿ ಬರೆದ ವಿಳಾಸಕ್ಕೆ ಬರುತ್ತದೆ. ಈ ಮಾತು ಬಂದಾಗಲೇ ಆ ಫಾರ್ಮ್ ತೆಗೆದು ನೋಡಿದ್ದು. ನಾವು ಮನೆ ಬದಲಿಸಿ ವರ್ಷ ದಾಟಿತ್ತು, ಅದರಲ್ಲಿ ಹಳೇ ವಿಳಾಸವೇ ಇತ್ತು! ನಿಮ್ಮದನ್ನೂ ಇವತ್ತೇ ನೋಡಿ.

ಈ ಸಲ ಇವರಿದ್ದ ಕಡೆ ಸ್ಯಾಟಲೈಟ್ ಫೋನ್ ಒಂದೇ. ಅದರಲ್ಲಿ ಮಾತಾಡೋದನ್ನೂ ಕಲಿಯಬೇಕು. ಆ ಫೋನ್ ನಡೆಯುತ್ತಿದ್ದದ್ದು ಭೂಸ್ಥಿರ ಉಪಗ್ರಹದ ಮೂಲಕ, ಅಂದ್ರೆ ಭೂಮಿಯ ಜೊತೆಗೇ ತಿರುಗುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುವಂಥದ್ದು. ಅದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನನ್ನ ಮಾತು ಅಲ್ಲಿಗೆ ಹತ್ತಿ ಇಳಿಯೋದಕ್ಕೆ ಕಾಲು ಸೆಕೆಂಡ್, ಇವರ ಉತ್ತರ ಬರೋದಕ್ಕೆ ಇನ್ನೊಂದು ಕಾಲು ಸೆಕೆಂಡ್. ಅರ್ಧ ಸೆಕೆಂಡ್ ಏನು ಮಹಾ ಅನಿಸಬಹುದು. ಆದರೆ ಬೇಜಾರಾ ಅಂತ ಕೇಳಿ, ಆಚೆ ಕಡೆ ಅರ್ಧ ಸೆಕೆಂಡ್ ಸದ್ದಿಲ್ಲ ಅಂದ್ರೆ ಮನಸ್ಸು ಏನೇನೋ ಲೆಕ್ಕ ಹಾಕಿಬಿಡುತ್ತದೆ. ಇಲ್ಲಾಂದ್ರೆ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರು ಮಾಡೋದು. ಕೊನೆಗೆ ನನ್ನ ಮಾತು ಮುಗಿದಾಗ "ಹೂಂ, ಹೇಳಿ" ಅನ್ನೋದು, ಇವರದು ಮುಗಿದಾಗ "ಹೂಂ, ಹೇಳು" ಅನ್ನೋದು ಅಂತ ಮಾಡಿಕೊಂಡೆವು.

ಫೋನಿಗಿಂತ ನಮಗೆ ಜಾಸ್ತಿ ಕೈಹಿಡಿದಿದ್ದು ಕಾಗದ. ಪ್ರತಿ ಕಾಗದದ ಮೂಲೆಯಲ್ಲಿ ನಂಬರ್ ಹಾಕುತ್ತೇವೆ. ಇದರ ಹಿಂದೆ ಒಂದು ಕಥೆ ಇದೆ. ಮೊದಲ ಸಲ ಒಂದು ದಿನ ಸಿಟ್ಟು ಬಂದು ಎರಡು ಪುಟ ಬೈದು ಬರೆದು ಪೋಸ್ಟ್ ಮಾಡಿದ್ದೆ, ಎರಡು ದಿನ ಬಿಟ್ಟು ತಪ್ಪಾಯಿತು ಅಂತ ಇನ್ನೊಂದು ಬರೆದೆ. ಇವರಿಗೆ ಮೊದಲು ಸಿಕ್ಕಿದ್ದು ಎರಡನೆಯದು! ಇವಳು ಏನು ತಪ್ಪು ಮಾಡಿರಬಹುದು ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದರಂತೆ. ಆಮೇಲೆ ಬೈಗುಳ ತಲುಪಿತು. ಈಗ ನಂಬರ್ ಇರುತ್ತದೆ, ಸಿಟ್ಟಿನಲ್ಲಿ ಬರೆದದ್ದು ಒಂದು ರಾತ್ರಿ ಮೇಜಿನ ಮೇಲೇ ಇರುತ್ತದೆ.

ಏನು ಬರೆಯೋದು ಅನ್ನೋದಕ್ಕೆ ನನಗೆ ದಾರಿ ತೋರಿಸಿದ್ದು ಜಲಾಂತರ್ಗಾಮಿಯವರು. ಬ್ರಿಟಿಷ್ ನೌಕಾಪಡೆಯಲ್ಲಿ ಗಸ್ತಿಗೆ ಹೋದವರಿಗೆ ಮನೆಯವರು ವಾರಕ್ಕೊಮ್ಮೆ ಲೆಕ್ಕದ ಪದಗಳ ಸಂದೇಶ ಕಳಿಸಬಹುದು, ಒಂದು ಕಾಲದಲ್ಲಿ ಬರೀ 40 ಪದ. ಅವರು ತಿರುಗಿ ಬರೆಯುವ ಹಾಗಿಲ್ಲ, ಬರೆದರೆ ಹಡಗು ಎಲ್ಲಿದೆ ಅಂತ ಶತ್ರುವಿಗೆ ಗೊತ್ತಾಗಿಬಿಡಬಹುದು. ನಾನೂ ಸುಮ್ನೆ 40 ಪದಕ್ಕೆ ಪ್ರಯತ್ನಿಸಿದೆ. ನೀವಿಲ್ಲದೆ ಬೇಜಾರು ಅಂತ ಬರೆದರೆ ಅಲ್ಲಿಗೇ ಮುಗಿಯುತ್ತದೆ, ಓದಿದವರು ಏನೂ ಮಾಡೋಕಾಗಲ್ಲ. ಅದರ ಬದಲು ಸೋರುವ ನಲ್ಲಿಗೆ ನಾನೇ ವಾಷರ್ ಹಾಕಿದೆ, ಮೊದಲು ತಿರುಗಾಮುರುಗಾ ಹಾಕಿ ಮೈಯೆಲ್ಲಾ ಒದ್ದೆ ಅಂತ ಬರೆದೆ. ಇವರು ಇವತ್ತಿಗೂ ಜೋಪಾನ ಮಾಡಿ ಇಟ್ಟುಕೊಂಡಿರುವುದು ಆ ನಲ್ಲಿ ಕಾಗದವನ್ನೇ.

ಎಲ್ಲಿದ್ದೀರಿ, ಯಾವಾಗ ಹೊರಡ್ತೀರಿ, ಎಷ್ಟು ಜನ ಅಂತ ನಾನು ಕೇಳೋದಿಲ್ಲ. ಗುಟ್ಟಿನ ಪದ ಇಟ್ಟುಕೊಂಡು ಹೇಳಿಸಿಕೊಳ್ಳೋ ಆಟವೂ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಸ್ಟ್ರಾವಾ ಅನ್ನೋ ಓಟದ ಆ್ಯಪ್ ಹಾಕಿದ ನಕ್ಷೆಯಲ್ಲಿ ಸೈನಿಕರು ಜಾಗಿಂಗ್ ಮಾಡಿದ ದಾರಿಗಳಿಂದಲೇ ಸೇನಾ ನೆಲೆಗಳ ಆಕಾರ ಕಾಣುತ್ತದೆ ಅಂತ 2018ರ ಜನವರಿಯಲ್ಲಿ ಸುದ್ದಿಯಾಗಿತ್ತು, ನೆನಪಿದೆಯಾ? ಯಾರೂ ಬೇಕಂತ ಮಾಡಿದ್ದಲ್ಲ. ಇವರು ಬರೋಕೆ ಇನ್ನು ಹತ್ತೇ ದಿನ ಅಂತ ಸ್ಟೇಟಸ್ ಹಾಕೋ ಆಸೆ ನನಗೂ ಬರುತ್ತೆ, ಆದರೆ ಅದಕ್ಕೇ ಹಾಕಲ್ಲ.

ಮಗಳಿಗೆ ಆಗ ನಾಲ್ಕು ವರ್ಷ. ಹೋಗುವ ಮುಂಚೆ ಇವರು ಹನ್ನೆರಡು ಕಥೆ ರೆಕಾರ್ಡ್ ಮಾಡಿಕೊಟ್ಟಿದ್ದರು. ನಾನು ಬುದ್ಧಿ ಇಲ್ಲದೆ ಒಂದೇ ಸಲ ಎಲ್ಲಾ ಕೊಟ್ಟೆ, ಒಂದೇ ವಾರದಲ್ಲಿ ಖಾಲಿ. ಭಾನುವಾರಕ್ಕೊಂದು ಕೊಡಬೇಕಿತ್ತು. ಆದರೂ ಅವಳು ಒಂದೇ ಮೊಲದ ಕಥೆಯನ್ನು ತಿಂಗಳುಗಟ್ಟಲೆ ಕೇಳಿದಳು, ನಡುವೆ ಅಪ್ಪ ಕೆಮ್ಮೋ ಜಾಗದಲ್ಲಿ ತಾನೂ ಕೆಮ್ಮೋಳು.

ವಾಪಸ್ ಬಂದ ಮೇಲೆ ಎಲ್ಲಾ ಸರಿಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಒಂಬತ್ತು ತಿಂಗಳು ಒಬ್ಬಳೇ ಮನೆ ನಡೆಸಿದ್ದೆ. ಇವರು ಬಂದು ಡಬ್ಬಿಗಳ ಜಾಗ ಬದಲಿಸಿದರೆ ನನಗೆ ಉರಿಯುತ್ತಿತ್ತು. ಪಾಪ, ಇವರಿಗೂ ತಮ್ಮ ಮನೆಯಲ್ಲೇ ನೆಂಟರ ಹಾಗೆ ಅನಿಸುತ್ತಿತ್ತಂತೆ. ಮೊದಲ ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ಮಾಡೋದು ಬೇಡ ಅಂತ ಇಟ್ಟುಕೊಂಡೆವು.

ಅಷ್ಟರಲ್ಲಿ ಮಗಳು ಒಂದು ಕಂಡುಹಿಡಿದಳು. ಊಟಕ್ಕೆ ಕೂತಾಗ ಅಪ್ಪ ಯಾಕೆ ತಡವಾಗಿ ಉತ್ತರ ಕೊಡ್ತಾರೆ ಅಂತ ಕೇಳಿದಳು. ನೋಡಿದರೆ ಹೌದು, ನನ್ನ ಮಾತು ಮುಗಿದ ಮೇಲೂ ಇವರು ಒಂದು ಗಳಿಗೆ ಕಾಯುತ್ತಿದ್ದರು. ಎದುರುಗಡೆ ಕೂತು, "ಹೂಂ, ಹೇಳಿ" ಬರಲಿ ಅಂತ.